ಗಣಿಯಲ್ಲೇ ಉಳಿದ ಟೋಕನ್

೨೦೧೪ರ ಬೇಸಿಗೆ. ಮಾವನವರು ಕೋಲಾರದಿಂದ ನಮ್ಮಲ್ಲಿಗೆ ಬಂದು ತಿಂಗಳಾಗಿತ್ತು. ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ದುಡಿದವರಿಗೆ ಸಿಯಾಟಲ್‌ನ ಗಾಜಿನ ಕಟ್ಟಡಗಳು ಸಾಕುಸಾಕಾಗಿದ್ದವು. ಫ್ಯಾಕ್ಟೋರಿಯಾದಲ್ಲಿರುವ ನನ್ನ ಆಫೀಸಿನ ಹತ್ತಿರದ ಗುಡ್ಡದಲ್ಲೇ ಹಳೆಯ ಕಲ್ಲಿದ್ದಲು ಗಣಿಯೊಂದಿದೆ ಎಂದಾಗ ಮಾತ್ರ ಅವರ ಮುಖ ಅರಳಿತು.

ಭಾನುವಾರ ಹೊರಟೆವು. ಮಾವ, ನಾನು, ಏಳು ವರ್ಷದ ಮಗಳು ಅನ್ವಿ. ಇನ್ನೊಂದು ಕಾರಿನಲ್ಲಿ ಗೆಳತಿ ಶೈಲಾ, ಅವಳ ಇಬ್ಬರು ಮಕ್ಕಳು. ಕಾರಿಳಿದಿದ್ದೇ ತಡ, ಮಾವ ಜೇಬಿನಿಂದ ಆರು ಬಿಲ್ಲೆ ತೆಗೆದು ಎಲ್ಲರಿಗೂ ಒಂದೊಂದು ಹಂಚಿದರು. ಸೀರಿಯಲ್ ಡಬ್ಬದ ರಟ್ಟು ಕತ್ತರಿಸಿ ನಂಬರ್ ಬರೆದಿದ್ದರು. ಗಣಿಗೆ ಇಳಿಯುವವರೆಲ್ಲ ಟೋಕನ್ ಒಯ್ಯಬೇಕಂತೆ, ಮೇಲೆ ಬಂದು ವಾಪಸ್ ಕೊಡಬೇಕಂತೆ. ನಾವು ಬಂದಿರೋದು ವಾಕಿಂಗ್‌ಗೆ ಮಾವ ಎಂದು ಗೊಣಗಿದೆ. ಶೈಲಾಳ ಎದುರು ನನಗೆ ನಾಚಿಕೆ.

ಗಣಿಯ ಬಾಯಿಗೆ ಕಾಂಕ್ರೀಟ್ ತುಂಬಿ ಸರಳು ಹಾಕಿದ್ದರು. ಪಕ್ಕದಲ್ಲಿ ಪಾಚಿ ಹಿಡಿದ ದೊಡ್ಡ ಕಟ್ಟೆ. ಇದರ ಮೇಲೆ ಯಂತ್ರ ಕೂತಿತ್ತು, ಹಗ್ಗ ಹೀಗೆ ಇಳಿದು ಇದ್ದಲಿನ ಗಾಡಿಗಳನ್ನು ಎಳೆಯುತ್ತಿತ್ತು ಎಂದು ಮಾವ ಬೋರ್ಡು ಓದದೆಯೇ ಹೇಳಿದರು. ಒಳಗಿನ ಸುರಂಗ ಕುಸಿದು ಅಲ್ಲಲ್ಲಿ ಗುಂಡಿ ಬಿದ್ದಿತ್ತು, ಸುತ್ತ ಬೇಲಿ. ಮಾವ ಕಟ್ಟೆ ಸವರುತ್ತಾ ನಿಂತೇಬಿಟ್ಟರು. ಮೂವರು ಮಕ್ಕಳೂ ಬೇಜಾರಾಗಿ ಶೈಲಾಳ ಜೊತೆ ಮುಂದೆ ಹೋದರು.

ನಾವಿಬ್ಬರು ಪಾರ್ಕಿಂಗ್‌ಗೆ ಬಂದಾಗ ಶೈಲಾಳ ಕಾರು ಹೊರಟುಹೋಗಿತ್ತು. ನಮ್ಮ ವೈಪರ್‌ಗೆ ಮೂರು ಬಿಲ್ಲೆ ಸಿಕ್ಕಿಸಿದ್ದಳು. ಅನ್ವಿಯದು ಇರಲಿಲ್ಲ. ಎಲ್ಲೋ ಬೀಳಿಸಿ ಅವರ ಕಾರು ಹತ್ತಿರುತ್ತಾಳೆ ಎಂದೆ. ನಮ್ಮ ಮಕ್ಕಳು ಯಾರ ಕಾರಿಗೆ ಬೇಕಾದರೂ ಹತ್ತುವುದು ಮಾಮೂಲು. ಕಾಲ್ ಮಾಡೋಣವೆಂದರೆ ಸಿಗ್ನಲ್ ಇಲ್ಲ.

ಮಾವ ಕಾರು ಹತ್ತಲಿಲ್ಲ. "ಟೋಕನ್ ಬಂದಿಲ್ಲ ಅಂದ್ರೆ ಆಳು ಇನ್ನೂ ಒಳಗಿದೆ ಅಂತಾನೇ ಕಣಮ್ಮ" ಎಂದು ತಿರುಗಿ ನಡೆದರು. ಸಿಡಿಮಿಡಿಗುಟ್ಟುತ್ತಲೇ ಹಿಂಬಾಲಿಸಿದೆ.

ಒಂದು ತಿರುವಿನಲ್ಲಿ, ಜರಿಗಿಡಗಳ ಆಚೆ, ಅನ್ವಿಯ ಗುಲಾಬಿ ಜಾಕೆಟ್ ಕಂಡಿತು. ಬೇಲಿಯಡಿ ನುಸುಳಿ, ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿದ್ದಳು. ಕಿರುಚಲು ಹೊರಟ ನನ್ನ ಕೈಯನ್ನು ಮಾವ ಒತ್ತಿ ಹಿಡಿದರು.

"ಪುಟ್ಟಿ, ಏಳ್ಬೇಡ. ಹಾಗೇ ತೆವಳ್ಕೊಂಡು ಹಿಂದಕ್ಕೆ ಬಾ."

"ಬಟ್ ತಾತ, ಮೈ ಟೋಕನ್..."

"ಅದು ಹೋಗ್ಲಿ. ನೀನು ಬಾ."

ಅವಳು ಸರಿದಂತೆ ಅಂಚಿನ ಮಣ್ಣು ಉದುರಿತು. ಬೇಲಿಯ ಈಚೆ ಬಂದವಳನ್ನು ತಬ್ಬಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಬಿಲ್ಲೆ ಗಾಳಿಗೆ ಹಾರಿತ್ತಂತೆ. ತಾತನ ಹತ್ತಿರ ಹೋಗುತ್ತೇನೆಂದು ಶೈಲಾಗೆ ಹೇಳಿ, ಅದನ್ನು ಹುಡುಕಲು ಬಂದಿದ್ದಳು.

ಹಾಳು ಬಿಲ್ಲೆ ಕೊಟ್ಟು ನಾನೇ ಮಗುವನ್ನು ಗುಂಡಿಗೆ ಕಳಿಸಿದೆನಲ್ಲ ಎಂದು ಮಾವ ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. ಅವರು ಮೊಂಡು ಹಿಡಿಯದಿದ್ದರೆ ನಾನು ಅವಳನ್ನು ಅಲ್ಲೇ ಬಿಟ್ಟು ಮನೆಗೆ ಹೊರಟಿದ್ದೆ.

ಕಾರಿನ ಬಳಿ ಮಾವ ತಮ್ಮ ಬಿಲ್ಲೆಯನ್ನು ಅನ್ವಿಯ ಅಂಗೈಯಲ್ಲಿಟ್ಟು, ಮತ್ತೆ ಅವಳ ಕೈಯಿಂದಲೇ ಇಸಿದುಕೊಂಡರು. "ಆರೂ ಜನ ಮೇಲೆ ಬಂದಾಯ್ತು" ಎಂದರು. ಆಮೇಲೇ ಕಾರು ಹತ್ತಿದ್ದು.

ಈಗಲೂ ನಾಲ್ಕು ಮನೆಯವರು ಸೇರಿ ಎಲ್ಲಿಗೆ ಹೋದರೂ, ವಾಪಸ್ ಹೊರಡುವ ಮುಂಚೆ ಒಂದೊಂದು ಕಾರಿಗೂ ಇಣುಕಿ ತಲೆ ಎಣಿಸುತ್ತೇನೆ. ಗೆಳತಿಯರು ನಗುತ್ತಾರೆ. ನಗಲಿ.