ಸಂಪುಟ ವಿಸ್ತರಣೆಯ ವಾರ

ದಿಲ್ಲಿಯ ನೌಕರಿಯಲ್ಲಿದ್ದಾಗ ನಮ್ಮ ಕಡೆಯ ಒಬ್ಬ ಮಂತ್ರಿಗಳ ಆಪ್ತ ಸಹಾಯಕನಾಗಿ ಕೆಲವು ವರ್ಷ ದುಡಿದೆ. ಅವರು ಆಗ ಕೇಂದ್ರದಲ್ಲಿ ರಾಜ್ಯ ಸಚಿವರು. ಅಂದರೆ ಕಾರಿಗೆ ಕೆಂಪು ದೀಪ ಉಂಟು, ಬಾಗಿಲಿಗೆ ನಾಮಫಲಕ ಉಂಟು, ಮೇಜಿನ ಮೇಲೆ ಫೈಲು ಮಾತ್ರ ಇಲ್ಲ. ತಾಲ್ಲೂಕು ಸೊಸೈಟಿಯ ಚುನಾವಣೆಯಿಂದ ಶುರು ಮಾಡಿ, ಸೋತು, ಪಕ್ಷ ಬಿಟ್ಟು, ಅದೇ ಪಕ್ಷಕ್ಕೆ ಮರಳಿ, ತಲೆ ನರೆತ ಮೇಲೆ ಲೋಕಸಭೆ ಮುಟ್ಟಿದ ಮನುಷ್ಯ. ಕ್ಷೇತ್ರದಿಂದ ಯಾರೇ ಬರಲಿ, ಹೆಸರು ಹಿಡಿದು ಕರೆದು ಊಟ ಆಯಿತೇ ಎಂದು ಕೇಳುತ್ತಿದ್ದರು. ಅದು ನಾಟಕವಲ್ಲ. ನಾಟಕವಾಗಿದ್ದರೆ ನನಗೆ ಈಗಲೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಸಂಪುಟ ವಿಸ್ತರಣೆಯ ಸುದ್ದಿ ಎದ್ದಿತು. ನಮ್ಮವರಿಗೆ ಸಂಪುಟ ದರ್ಜೆ ಖಂಡಿತ ಎಂದು ಬಂದವರೆಲ್ಲ ಕಿವಿ ಕಚ್ಚಿ ಹೋಗುತ್ತಿದ್ದರು. ಅದೇ ವಾರ ಅವರ ಊರಿನ ಕಾರ್ಯಕರ್ತನೊಬ್ಬ ಹೆಂಡತಿಯನ್ನು ಕರೆದುಕೊಂಡು ದಿಲ್ಲಿಗೆ ಬಂದ. ಪ್ರತಿ ಚುನಾವಣೆಯಲ್ಲೂ ಇವರ ಬೂತ್ ಏಜೆಂಟಾಗಿ ಕೂತವನು. ಹೆಂಡತಿಯ ಹೃದಯದ ಕವಾಟ ಕೆಟ್ಟಿತ್ತು. ಬೇಗ ಆಪರೇಷನ್ ಆಗಬೇಕು, ಆದರೆ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇಲ್ಲ. ಕರೋಲ್ ಬಾಗಿನ ಅಗ್ಗದ ಲಾಡ್ಜೊಂದರಲ್ಲಿ ಅವಳನ್ನು ಮಲಗಿಸಿ ಅವನು ಮಂತ್ರಿಗಳ ಬಂಗಲೆಗೆ ಓಡಿಬಂದಿದ್ದ.

ಇಂಥದ್ದಕ್ಕೆ ಮಂತ್ರಿಗಳೇ ಫೋನ್ ಮಾಡಬೇಕು. ಆಸ್ಪತ್ರೆಗೆ ನಾನು ಮಾಡಿದೆ. ಆ ಕಡೆಯವರು “ಅಚ್ಛಾ, ದೇಖ್ತೇ ಹೈಂ”, ನೋಡೋಣ, ಎಂದು ಇಟ್ಟುಬಿಟ್ಟರು.

“ಮಾಡಿಸೋಣ ಕಣಪ್ಪ, ವಿಸ್ತರಣೆ ಒಂದು ಮುಗೀಲಿ” ಎಂದು ಮಂತ್ರಿಗಳು ಅವನನ್ನು ಕಳಿಸಿದರು.

ಅವನು ಹೋದ ಮೇಲೆ ನಾನು ಬಾಯಿ ಬಿಟ್ಟೆ. “ಸರ್, ಆಕೆಗೆ ಉಸಿರಾಡೋಕೇ ಕಷ್ಟ ಆಗ್ತಿದೆಯಂತೆ. ನೀವೊಂದು ಮಾತು ಹೇಳಿದ್ರೆ ಸಾಕು.”

“ನಿಮಗೆ ಗೊತ್ತಾಗಲ್ಲ ರೀ. ಈ ವಾರ ನಾನು ಯಾವ ಇಲಾಖೆಗೂ ಫೋನ್ ಮಾಡೋ ಹಾಗಿಲ್ಲ. ಮಾಡಿದ್ರೆ, ಲಾಬಿ ಮಾಡ್ತಿದಾನೆ ಅಂತ ಸಂಜೆಯೊಳಗೆ ಮೇಲಕ್ಕೆ ಮುಟ್ಟುತ್ತೆ. ದರ್ಜೆ ಬರಲಿ, ಆಸ್ಪತ್ರೆಯವರೇ ಆಂಬುಲೆನ್ಸ್ ಕಳಿಸ್ತಾರೆ.”

ದಿಲ್ಲಿಯ ರಿವಾಜೇ ಅದು. ವಿಸ್ತರಣೆಯ ವಾರ ಆಸೆ ಇಟ್ಟುಕೊಂಡವರೆಲ್ಲ ಬಾಯಿಗೆ ಬೀಗ ಹಾಕಿ ಕೂರುತ್ತಾರೆ. ಯಾರನ್ನೂ ಏನೂ ಕೇಳುವುದಿಲ್ಲ. ಹೊಸ ಜುಬ್ಬಾ ಹೊಲಿಸಿ, ಮೇಲಿನಿಂದ ಕರೆ ಬರುತ್ತದೆಂದು ಕಾಯುತ್ತಾರೆ. ನಮ್ಮವರೂ ಹಾಗೇ ಕಾಯುತ್ತಾ ಕೂತರು. ಫೋನು ಅವರ ಕೈಗೆಟುಕುವಲ್ಲೇ ಇತ್ತು.

ಕಾರ್ಯಕರ್ತ ದಿನಾ ಬೆಳಿಗ್ಗೆ ಬಂದು ಗೇಟಿನ ಬಳಿ ನಿಲ್ಲುತ್ತಿದ್ದ. ತಡೆಯಲಾರದೆ ಒಂದು ದಿನ ಹೇಳಿದೆ, “ಬೇರೆ ಎಂಪಿ ಹತ್ರ ಹೋಗ್ರೀ. ಚಾಣಕ್ಯಪುರಿಯ ನಮ್ಮ ರಾಜ್ಯದ ಗೆಸ್ಟ್ ಹೌಸಿನಲ್ಲಿ ಎಷ್ಟೋ ಜನ ಇದಾರೆ.”

ಅವನಿಗೆ ಕೋಪವೇ ಬಂತು. “ಏನ್ ಮಾತಾಡ್ತೀರಾ ಸರ್! ಬೇರೆಯವರ ಬಾಗಿಲಿಗೆ ಹೋದ್ರೆ ನಮ್ಮಣ್ಣನ ಮರ್ಯಾದೆ ಏನಾಗ್ಬೇಕು? ಅವರು ದೊಡ್ಡ ಮಂತ್ರಿ ಆಗ್ಲಿ, ನಮ್ಮೋಳೂ ಉಳ್ಕೋತಾಳೆ.”

ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಒಳಗೆ ಕೂತವರ ಲೆಕ್ಕಾಚಾರವೂ ಹೊರಗೆ ನಿಂತವನ ಭಕ್ತಿಯೂ ಸೇರಿ ಆ ಹೆಂಗಸನ್ನು ಲಾಡ್ಜಿನಲ್ಲೇ ಮಲಗಿಸಿದ್ದವು. ಅವಳು ಏನು ಹೇಳುತ್ತಿದ್ದಳೋ, ಯಾರೂ ಕೇಳಲಿಲ್ಲ.

ಕರೆ ಬಂತು. ಪ್ರಮಾಣವಚನ ಆಯಿತು. ಸಂಜೆ ಬಂಗಲೆಯ ಹುಲ್ಲುಹಾಸಿನ ಮೇಲೆ ಕಾಲಿಡಲು ಜಾಗವಿಲ್ಲ, ಹಾರ, ಮಿಠಾಯಿ, ಜೈಕಾರ. ಸಾಲಿನಲ್ಲಿ ಅವನೂ ಇದ್ದ, ಬರಿಗೈಯಲ್ಲಿ. ಮಂತ್ರಿಗಳು ದೂರದಿಂದಲೇ ಹೆಸರು ಹಿಡಿದು ಕರೆದು ಅಪ್ಪಿಕೊಂಡರು.

“ನಾನು ಹೇಳಿರ್ಲಿಲ್ವೇನೋ? ಫೋನ್ ಕೊಡ್ರೀ, ಈಗಲೇ ಆಸ್ಪತ್ರೆಗೆ ಮಾತಾಡ್ತೀನಿ.”

ಅವನು ಬಗ್ಗಿ ಅವರ ಕಾಲು ಮುಟ್ಟಿದ. “ಬೆಳಿಗ್ಗೆ ಹೋಗ್ಬಿಟ್ಲು ಅಣ್ಣಾ. ಹೆಣ ಊರಿಗೆ ಕಳಿಸ್ಬೇಕು. ವಿಮಾನದೋರಿಗೆ ಒಂದು ಮಾತು ಹೇಳಿ.”

ಮಂತ್ರಿಗಳು ಅವನನ್ನು ಎತ್ತಿ ನಿಲ್ಲಿಸಿದರು. ಅವರ ಕಣ್ಣಲ್ಲಿ ನೀರು ಬಂದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಫೋನಿಗೆ ಕೈ ಚಾಚಿದರು. ಸಂಪುಟ ಸಚಿವರಾಗಿ ಅವರು ಮಾಡಿದ ಮೊದಲ ಫೋನು ಅದು. ಆ ಕಡೆಯವರು ಒಂದು ಕ್ಷಣವೂ ಕಾಯಿಸಲಿಲ್ಲ. ಆ ರಾತ್ರಿಯ ವಿಮಾನದಲ್ಲೇ ಅವಳಿಗೆ ಜಾಗ ಸಿಕ್ಕಿತು.