ಮುಟ್ಟಬಾರದ ಹುಲ್ಲು

2007ನೆಯ ಇಸವಿ ಜುಲೈ 14, ಶನಿವಾರ. ಆಧಾರ: ಅದೇ ವರ್ಷದ ನನ್ನ ದಿನಚರಿ, ನೀಲಿ ಶಾಯಿಯ ನಮೂದು. ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ತಪ್ಪಿಲ್ಲ. ಇಷ್ಟು ಖಚಿತವಾಗಿ ಆರಂಭಿಸಲು ಕಾರಣವಿದೆ. ಇಂದು ಬೆಳಿಗ್ಗೆ ಬೇರೇನನ್ನೋ ಹುಡುಕುತ್ತ, ಬಿಳಿ ಕಾಗದದ ಹೊದಿಕೆಯ ಆ ದಿನಚರಿಯನ್ನು ಕಪಾಟಿನಿಂದ ತೆಗೆದೆ. ಒಣಗಿ ಹಗುರಾದ ಒಂದು ಹುಲ್ಲಿನ ಗರಿ ಅದರೊಳಗಿಂದ ಮಡಿಲಿಗೆ ಬಿತ್ತು. ಮೂಗಿಗೆ ಹಿಡಿದೆ. ವಾಸನೆ ಬಂದದ್ದು ಗರಿಯಿಂದಲೋ ನೆನಪಿನಿಂದಲೋ ಎಂದು ನಿರ್ಣಯಿಸಲು ನನ್ನಲ್ಲಿ ಸಾಕ್ಷ್ಯವಿಲ್ಲ. ಬಂದದ್ದಂತೂ ನಿಜ.

ಓದುಗರೇ, ಸಿಟ್ರೊನೆಲ್ಲಾ ಎಂಬ ಈ ನಿಂಬೆವಾಸನೆಯ ಹುಲ್ಲಿನ ಪರಿಚಯ ನನಗಾದದ್ದು ತೋಟದಲ್ಲಲ್ಲ, ಸೀಸೆಯಲ್ಲಿ. ನಾನು ಮೂವತ್ತು ವರ್ಷ ಹಸ್ತಪ್ರತಿ ಭಂಡಾರವೊಂದರಲ್ಲಿ ಓಲೆಗರಿಯ ಕಟ್ಟುಗಳ ನಡುವೆ ಕೆಲಸ ಮಾಡಿದವನು. ಹುಳು ಹತ್ತದಿರಲೆಂದು, ಗರಿ ಮುರಿಯದಿರಲೆಂದು ಅವುಗಳಿಗೆ ಈ ಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುತ್ತಿದ್ದೆವು. ಓಲೆ ನೋಡಲು ಬಂದ ಪ್ರತಿಯೊಬ್ಬರಿಗೂ, ಕುಳಿತುಕೊಳ್ಳಿ ಎನ್ನುವುದಕ್ಕೂ ಮೊದಲು ನಾನು ಹೇಳುತ್ತಿದ್ದ ಮಾತು ‘ಮುಟ್ಟಬೇಡಿ’. ನಿವೃತ್ತನಾಗಿ ಚಾಮರಾಜನಗರದ ಮನೆಗೆ ಬಂದ ಮೇಲೆ ಎಣ್ಣೆಯ ವಾಸನೆ ಅಂಗಿಗಳನ್ನು ಬಿಟ್ಟುಹೋಯಿತು. ಆ ಮಾತು ಮಾತ್ರ ನಾಲಗೆಯನ್ನು ಬಿಡಲಿಲ್ಲ.

ಆ ಮನೆಗೊಂದು ಅಗಲವಾದ ಜಗಲಿ. ಸಂಜೆಯಾದರೆ ಅದು ನನ್ನ ಮಡದಿ ನೀಲಾಳ ಆಸ್ಥಾನ. ಬಸ್ ನಿಲ್ದಾಣದ ಬಳಿ ಹೂ ಮಾರುವ ಪಕ್ಕದ ಮನೆಯ ಮಹದೇವಮ್ಮ ಚಂದಕವಾಡಿ ಕಡೆಯ ಕನಕಾಂಬರವನ್ನು ಮೊರದ ತುಂಬ ತಂದು ಸುರಿಯುವರು. ನಾಲ್ಕಾರು ಹೆಂಗಸರು ಕೂಡುವರು. ಕೈ ಹೂ ಕಟ್ಟುತ್ತಿದ್ದರೆ ಬಾಯಿ ಊರನ್ನು ಬಿಚ್ಚುತ್ತಿತ್ತು. ಕನಕಾಂಬರಕ್ಕೆ ಪರಿಮಳವಿಲ್ಲವಷ್ಟೆ. ಆದ್ದರಿಂದ ನಡುನಡುವೆ ಮರುಗವನ್ನೋ ದವನವನ್ನೋ ಸೇರಿಸಿ ಕಟ್ಟುವುದು ವಾಡಿಕೆ. ಅದರಲ್ಲಿ ನೀಲಾಳನ್ನು ಮೀರಿಸಿದವರಿರಲಿಲ್ಲ.

2006ರ ಮಳೆಗಾಲದಲ್ಲಿ ಆಕೆಗೆ ಚಿಕೂನ್‌ಗುನ್ಯಾ ಬಂತು. ಜ್ವರ ವಾರದಲ್ಲಿ ಇಳಿಯಿತು, ಬೆರಳುಗಳ ಬಿಗಿತ ಇಳಿಯಲಿಲ್ಲ. ಮುಂದಿನ ಬೇಸಿಗೆ ಕಳೆದರೂ ಆಕೆ ಜಗಲಿಗೆ ಬರಲಿಲ್ಲ. ಕೇಳಿದರೆ “ಸೊಳ್ಳೆ ರೀ” ಎಂದಷ್ಟೇ ಹೇಳಿ, ಐದೂವರೆಗೇ ಕಿಟಕಿ ಮುಚ್ಚಿ ಒಳಗೆ ಕೂರುವಳು. ಹೆಂಗಸರೂ ಮೊರ ಎತ್ತಿಕೊಂಡು ಬೇರೆ ಜಗಲಿ ಹುಡುಕಿಕೊಂಡರು. ಸೊಳ್ಳೆಯನ್ನು ಓಡಿಸಿದರೆ ನೀಲಾ ಹೊರಗೆ ಬಂದಾಳು ಎಂದು ನಾನು ತರ್ಕಿಸಿದೆ. ತರ್ಕದಲ್ಲಿ ನಾನು ಯಾವಾಗಲೂ ಗಟ್ಟಿಗ.

ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ನೀಲಾಳ ತಮ್ಮ ಬಸವರಾಜು ಹೊಲದ ಅಂಚಿಗೆ ಈ ಹುಲ್ಲನ್ನು ಬೆಳೆಸಿದ್ದ. ಮೇಲೆ ಹೇಳಿದ ಶನಿವಾರ ಅಲ್ಲಿಗೆ ಹೋದೆ. ಬೇರುಸಹಿತ ಬುಡಗಳನ್ನು ಒಡೆದು, ಒದ್ದೆ ಗೋಣಿಯಲ್ಲಿ ಸುತ್ತಿಕೊಡುತ್ತ ಅವನು ಭರವಸೆ ಕೊಟ್ಟ. “ಕಾಡಂದಿನೇ ಇದ್ರ ತಂಟೆಗ್ ಬರಲ್ಲ ಕಣ್ ಭಾವ. ಇನ್ನು ನಿಮ್ ಸೊಳ್ಳೆ ಯಾವ ಮಹಾ?”

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಗೋಣಿಯನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತೆ. ತೆರಕಣಾಂಬಿ ಬರುವಷ್ಟರಲ್ಲಿ ಇಡೀ ಬಸ್ಸು ಘಮಘಮಿಸುತ್ತಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬರು ನಿಂಬೆಹಣ್ಣು ಯಾವ ತೋಟದ್ದು ಎಂದು ವಿಚಾರಿಸಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, “ಸೋಪಿನ ಮೂಟೆನಾ ಸ್ವಾಮಿ? ಇಳಿಯೋಗಂಟ ನಮ್ದೂ ಸ್ನಾನ ಆಗೋಯ್ತು ಬುಡಿ” ಎಂದ. ಬಸ್ಸೆಲ್ಲ ನಕ್ಕಿತು. ನಾನು ಈ ಹುಲ್ಲಿನ ಸಸ್ಯಶಾಸ್ತ್ರೀಯ ವಂಶವನ್ನು ವಿವರಿಸಲು ತೊಡಗಿದೆ. ಅಜ್ಜಿ ನಿದ್ರೆ ಹೋದರು.

ಜಗಲಿಯ ಸುತ್ತ ಮೊಳಕ್ಕೊಂದರಂತೆ ಬುಡಗಳನ್ನು ನೆಟ್ಟೆ. ನೀರು ಸದಾ ಕೈಗೆಟುಕಲೆಂದು ಪಕ್ಕದಲ್ಲೇ ಒಂದು ಕಲ್ಲುತೊಟ್ಟಿಯನ್ನು ತುಂಬಿಸಿಟ್ಟೆ. ಕೊನೆಗೆ ರಟ್ಟಿನ ಮೇಲೆ ದುಂಡಕ್ಷರದಲ್ಲಿ ಬರೆದು ನೆಟ್ಟೆ: ‘ಪ್ರಯೋಗ ನಡೆಯುತ್ತಿದೆ. ಮುಟ್ಟಬಾರದು.’

ಹುಲ್ಲು ಸೊಗಸಾಗಿ ಬೆಳೆಯಿತು. ನಾನು ಪ್ರತಿ ಸಂಜೆ ಅರ್ಧ ಗಂಟೆ, ತೋಳು ಮಡಿಸಿದ ಅಂಗಿಯಲ್ಲಿ ಜಗಲಿಯ ಮೇಲೆ ನಿಶ್ಚಲನಾಗಿ ಕುಳಿತು, ಎಷ್ಟು ಸೊಳ್ಳೆ ಕಚ್ಚಿದವೆಂದು ಗುರುತು ಹಾಕಿಕೊಳ್ಳುತ್ತಿದ್ದೆ. ಆಗಸ್ಟ್ ಮುಗಿದರೂ ಒಂದೂ ಕಡಿಮೆಯಾಗಲಿಲ್ಲ. ನಿಜ ಹೇಳಬೇಕೆಂದರೆ ತುಸು ಹೆಚ್ಚೇ ಆಯಿತು. ಸೆಪ್ಟೆಂಬರಿನಲ್ಲಿ ಇನ್ನೊಂದು ಸಮಸ್ಯೆ. ಗುರುವಾರಗಳಂದು ಬೆಳಗಿನ ಬಸ್ಸಿಗೆ ಮೈಸೂರಿನ ಗ್ರಂಥಾಲಯಕ್ಕೆ ಹೋಗುವುದು ನನ್ನ ಅಭ್ಯಾಸ. ಶುಕ್ರವಾರ ನೋಡಿದರೆ ಪೂರ್ವದ ಮೂಲೆಯ ಬುಡ ತೆಳ್ಳಗಾಗಿರುತ್ತಿತ್ತು. ದಿನಚರಿಯಲ್ಲಿ ‘ಮೇಕೆ?’ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ದಾಖಲಿಸಿದ್ದೇನೆ. ಮೂರು ಬಾರಿ.

ಸೆಪ್ಟೆಂಬರ್ 23, ಭಾನುವಾರದ ಸಂಜೆ ಮಹದೇವಮ್ಮ ಮೊರ ಹೊತ್ತು ನೇರವಾಗಿ ನಮ್ಮ ಜಗಲಿ ಹತ್ತಿದರು. ನಾನು ತೋಳು ಮಡಿಸಿ ಕುಳಿತಿದ್ದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ತೊಟ್ಟಿಯನ್ನು ನೋಡಿದರು. ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

“ಮೇಷ್ಟ್ರೇ, ಸೊಳ್ಳೆ ಓಡ್ಸಕೆ ಉಲ್ಲು ನೆಟ್ಟಿದ್ದೀರಿ, ಸರಿ. ಸಾಕಕೆ ತೊಟ್ಟಿನೂ ಮಡಗಿದ್ದೀರಲ್ಲ?”

ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೂ ಬೀದಿಗೆ ಮೇಷ್ಟ್ರು. ಅಷ್ಟರಲ್ಲಿ ಅವರು ತೊಟ್ಟಿಯ ಬಿರಡೆ ಕಿತ್ತು, ನನ್ನ ರಟ್ಟಿನ ಫಲಕದ ಮೇಲೆ ಕೈಯೂರಿ ಬಾಗಿ, ಹಿಡಿ ತುಂಬ ಗರಿ ತರಿದರು. ನನ್ನ ನಾಲಗೆ ತನ್ನ ಹಳೆಯ ಮಾತನ್ನು ಆಡಿತು.

“ಮುಟ್ದೇ ಇದ್ರೆ ಅದಾದ್ರೂ ಯಾಕ್ ವಾಸ್ನೆ ಬುಟ್ಟದು ಮೇಷ್ಟ್ರೇ? ಇಂಗ್ ಹಿಸುಕ್ಬೇಕು” ಎಂದು ಗರಿಯನ್ನು ಅಂಗೈಯಲ್ಲಿ ಹೊಸಕಿ ನನ್ನ ಮೂಗಿಗೇ ಹಿಡಿದರು. ಮೂವತ್ತು ವರ್ಷದ ಓಲೆಕೋಣೆ ಅಲ್ಲಿತ್ತು. ಉಜ್ಜಿ ಸವರದ ಹೊರತು ಎಣ್ಣೆ ಓಲೆಗೂ ಒದಗದು ಎಂದು ಬಲ್ಲ ನಾನು, ಹುಲ್ಲು ನಿಂತಲ್ಲೇ ನಿಂತು ಸೊಳ್ಳೆಯನ್ನು ಅಟ್ಟಲೆಂದು ಎರಡು ತಿಂಗಳು ಕಾದು ಕುಳಿತಿದ್ದೆ.

ಮಹದೇವಮ್ಮ ಗರಿಯನ್ನು ಚೂರು ಮಾಡಿ, ಉಗುರಿನಿಂದ ಗೀರಿ, ಮರುಗದ ಜಾಗದಲ್ಲಿ ಇಟ್ಟು ಕನಕಾಂಬರ ಕಟ್ಟತೊಡಗಿದರು. “ನೀಲಕ್ಕ, ಬಾ ಇಲ್ಲಿ. ನನ್ ಕೈ ಸಾಲ್ದು” ಎಂದು ಕೂಗಿದರು. ಕಿಟಕಿ ತೆರೆಯಿತು. ಆಮೇಲೆ ಬಾಗಿಲು. ನೀಲಾ ಬಂದು ಕುಳಿತು, ಬಾಳೆನಾರನ್ನು ಕೈಗೆತ್ತಿಕೊಂಡಳು. ನಾನು ಆ ಬೆರಳುಗಳನ್ನೇ ನೋಡಿದೆ. ಎರಡು ಹೂ ಈಚೆ, ಎರಡು ಹೂ ಆಚೆ, ನಡುವೆ ಹಸಿರು ಚೂರು, ಒಂದು ಗಂಟು. ಬೆರಳು ನಿಧಾನವಾಗಿಯಾದರೂ ತಡವರಿಸದೆ ಓಡಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಜಗಲಿಗಳಿಂದ ಮಿಕ್ಕವರೂ ಎದ್ದು ಬಂದರು. ಎಲ್ಲರ ಮುಡಿಯಲ್ಲೂ ಹುಲ್ಲು ಸೇರಿದ ಹೂ, ಎಲ್ಲರ ಕೈಯಲ್ಲೂ ಅದರ ರಸ. ಸೊಳ್ಳೆ ಬರಲಿಲ್ಲವೋ, ಬಂದದ್ದು ಗಮನಕ್ಕೆ ಬರಲಿಲ್ಲವೋ, ಅಂದು ನಾನು ಎಣಿಸಲಿಲ್ಲ. ಮಾರನೆಯ ದಿನ ಫಲಕವನ್ನು ನಾನೇ ಕಿತ್ತೆ.

ಆ ಸಂಜೆಯ ನಮೂದು ಹೀಗಿದೆ: ‘ಹುಲ್ಲನ್ನು ಮೊದಲು ಮುಟ್ಟಿದವರು ಮಹದೇವಮ್ಮ. ಅವರ ಒತ್ತಾಯಕ್ಕೆ ನೀಲಾ ಒಂದು ವರ್ಷದ ಬಳಿಕ ಇಂದು ಮೊದಲ ಬಾರಿಗೆ ಹೂ ಕಟ್ಟಿದಳು.’ ಇಷ್ಟು ವರ್ಷ ಬಂದವರಿಗೆಲ್ಲ ಈ ಕಥೆಯನ್ನು ಹೀಗೆಯೇ ಹೇಳಿದ್ದೇನೆ. ನೀಲಾ ಕಾಫಿ ತಂದಿಡುತ್ತ ಮುಗುಳ್ನಗುವಳು. ಅದು ಸಮ್ಮತಿಯೆಂದೇ ತಿಳಿದಿದ್ದೆ.

ಇಂದು ಗರಿಯನ್ನು ಮರಳಿ ಒಳಗಿಡುವಾಗ ದಿನಚರಿಯ ಬಿಳಿ ಹೊದಿಕೆ ಅಂಚಿನಲ್ಲಿ ಬಿಚ್ಚಿಕೊಂಡಿತು. ಅದನ್ನು ಹಾಕಿದವಳು ನೀಲಾ. ಒಳಮಗ್ಗುಲಲ್ಲಿ ಅಚ್ಚು ಕಂಡು ಪೂರ್ತಿ ಬಿಚ್ಚಿದೆ. ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಕ್ಯಾಲೆಂಡರಿನ ಹಾಳೆ, ಸೆಪ್ಟೆಂಬರ್ 2007. ಹಾಲಿನ, ಸಿಲಿಂಡರಿನ ಗುರುತುಗಳ ನಡುವೆ ಗುರುವಾರದ ಮನೆಗಳಲ್ಲಿ ಸೀಸದ ಕಡ್ಡಿಯ ಸಣ್ಣ ಅಕ್ಷರ. 6: ‘ಹುಲ್ಲು ಕಿತ್ತೆ. ಒಂದು ಗೇಣು ಕಟ್ಟಿದೆ. ಸೊಟ್ಟ.’ 13: ‘ಒಂದು ಮೊಳ. ಸಡಿಲ.’ 20: ‘ಒಂದೂವರೆ ಮೊಳ. ಪರವಾಗಿಲ್ಲ.’

ಹಾಳೆಯನ್ನು ಹಿಡಿದು ಅಡುಗೆಮನೆಗೆ ಹೋದೆ. ನೀಲಾ ಕನ್ನಡಕ ಏರಿಸಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಮೇಕೆ ನಾನೇ ಕಣ್ರೀ.”

ಹೂ ತಂದುಕೊಟ್ಟವರು ಯಾರೆಂದು ಕೇಳಿದೆ. ಇನ್ಯಾರು, ಮಹದೇವಮ್ಮನೇ ಎಂದಳು. ಹಾಗಾದರೆ ಆ ಭಾನುವಾರ? ನನ್ನ ಫಲಕವನ್ನು ಕೀಳಿಸಲು ಇಬ್ಬರೂ ಕೂಡಿ ಆಡಿದ ಆಟವಂತೆ. ನನಗೇಕೆ ಹೇಳಲಿಲ್ಲ ಎಂದೆ. ನಗು ತಗ್ಗಿತು.

“ಸೊಳ್ಳೆಗಲ್ಲ ರೀ ನಾನು ಹೊರಗೆ ಬರದೇ ಇದ್ದಿದ್ದು. ಎಲ್ಲರೂ ಕಟ್ಟುವಾಗ ನಾನು ಸುಮ್ಮನೆ ಕೂರಬೇಕಲ್ಲ ಅಂತ. ಸೊಟ್ಟ ಕಟ್ಟೋದನ್ನ ನೀವು ನೋಡಿ ಬರೆದಿಟ್ಟುಕೊಳ್ಳೋದು ಬೇಡ ಅನ್ನಿಸ್ತು. ನೆಟ್ಟಗೆ ಬಂದ ಮೇಲೆ ತೋರಿಸಿದೆ.”

ಜಗಲಿಯಂಚಿಗೆ ಹೋಗಿ ಒಂದು ಹಸಿ ಗರಿ ಕಿತ್ತು, ಹೊಸಕಿ, ದಿನಚರಿಯೊಳಗೆ ಹಳೆಯದರ ಪಕ್ಕದಲ್ಲಿಟ್ಟೆ. ಸೆಪ್ಟೆಂಬರ್ 23ರ ನಮೂದನ್ನು ಹೊಡೆದುಹಾಕಿಲ್ಲ. ಮೂಲಪಾಠವನ್ನು ಅಳಿಸುವ ಅಭ್ಯಾಸ ನನಗಿಲ್ಲ. ‘ಮೊದಲು’ ಎಂಬಲ್ಲೂ ‘ಮೊದಲ ಬಾರಿಗೆ’ ಎಂಬಲ್ಲೂ ನಕ್ಷತ್ರ ಹಾಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ: ‘ತಪ್ಪು. ನೋಡಿ, ಹೊದಿಕೆ.’