ತಂಬಿಗೆ ಹಚ್ಚುವ ಪೀರಬಿ

ತಾಂಬಾ ಊರಿನ ಪೀರಬಿ ತಂಬಿಗೆ ಹಚ್ಚುವುದನ್ನು ಕಲಿತದ್ದು ಗಂಡನ ಹೆಗಲಿಗಾಗಿ. ಮೀರಾಸಾಬ ಹತ್ತಿ ಹಿಂಜುವವನು. ದಿನವಿಡೀ ಹಿಂಜುವ ಬಿಲ್ಲು ಹಿಡಿದು ಅದರ ಹುರಿ ಮೀಟಿದರೆ ಸಂಜೆಗೆ ಎಡಗೈ ಮೇಲೇಳುತ್ತಿರಲಿಲ್ಲ. ಅತ್ತೆ ಹಜರಾಬಿ ಹೊಸ ಸೊಸೆಗೆ ತೋರಿಸಿಕೊಟ್ಟಳು: ಜೋಳದ ಹಿಟ್ಟಿನ ಬಿಲ್ಲೆ ತಟ್ಟಿ ನೋವಿರುವಲ್ಲಿ ಇಡಬೇಕು, ಅದಕ್ಕೆ ಎಣ್ಣೆಬತ್ತಿ ಚುಚ್ಚಿ ಹೊತ್ತಿಸಬೇಕು, ಮೇಲೆ ಸಣ್ಣ ಹಿತ್ತಾಳೆ ತಂಬಿಗೆ ಬೋರಲು ಹಾಕಬೇಕು. ಒಳಗೆ ದೀಪ ಆರಿದೊಡನೆ ತಂಬಿಗೆ ಮೈಯನ್ನು ಕಚ್ಚಿ ಹಿಡಿಯುತ್ತದೆ. ಹಿಡಿದ ನರ ಸಡಿಲಾಗುತ್ತದೆ.

ಅತ್ತೆ ತೀರಿಕೊಂಡ ಮೇಲೆ ಊರಿನ ಉಳುಕು, ಚಳಕುಗಳೆಲ್ಲ ಪೀರಬಿಯ ಬಾಗಿಲಿಗೇ ಬಂದವು. ಅವಳ ಕೈ ಚುರುಕು, ಮಾತು ಕಡಿಮೆ. "ಅಲುಗಬ್ಯಾಡ್ರಿ, ಏನೂ ಆಗೂದಿಲ್ಲ." ಅಷ್ಟೇ. ಯಾರಾದರೂ ನರಳಿದರೆ ಸಿಡುಕುತ್ತಿದ್ದಳು.

ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಮೀರಾಸಾಬ ಬಿಲ್ಲು ಹೊತ್ತು ಸಿಂದಗಿ ಕಡೆ ಗಾದಿಯ ಹತ್ತಿ ಹಿಂಜಲು ಹೋಗಿದ್ದ. ಬೀಸುಕಲ್ಲು ಸರಿಸಹೋದ ಪೀರಬಿಯ ಸೊಂಟ ಹಿಡಿದುಬಿಟ್ಟಿತು. ಗೋಡೆ ಹಿಡಿದು ನಿಂತವಳಿಗೆ ಕೂರಲೂ ಆಗಲಿಲ್ಲ. ತನ್ನ ಬೆನ್ನಿಗೆ ತಾನೇ ತಂಬಿಗೆ ಹಚ್ಚಿಕೊಳ್ಳುವುದು ಹೇಗೆ?

ಪಕ್ಕದ ಮನೆಯ ಹುಚ್ಚವ್ವ, ಕುರಿ ಕಾಯುವ ಬೀರಣ್ಣನ ಹೆಂಡತಿ, ನರಳುವುದು ಕೇಳಿ ಬಂದಳು. "ತಂಬಿಗಿ ಎಲ್ಲೈತಿ? ನಾ ಹಚ್ಚತೇನಿ."

"ನಿನಗೆಲ್ಲಿ ಬರ್ತೈತಿ ಹುಚ್ಚಕ್ಕ? ಯಾವಾಗರ ನೋಡೀಯೇನು?"

"ನೀ ಹಚ್ಚುವಾಗ ಬೋರಲ ಮಲಗಿದಾಕಿಗೆ ಏನ್ ಕಾಣ್ತೈತಿ? ಆದ್ರ ನನ್ನ ಬೆನ್ನಿಗೆ ಎಲ್ಲಾ ಗೊತ್ತೈತಿ. ಮೊದಲ ಹಿಟ್ಟಿನ ತಂಪು, ಆಮ್ಯಾಲ ಕಾವು, ಆಮ್ಯಾಲ ಜಗ್ಗೂದು."

ಬೇರೆ ದಾರಿ ಇರಲಿಲ್ಲ. ಪೀರಬಿ ಕೌದಿಯ ಮೇಲೆ ಬೋರಲಾದಳು. ಹಿಟ್ಟು ತಣ್ಣಗೆ ಕೂತಿತು. ಕಡ್ಡಿ ಗೀರಿದ ಸದ್ದು, ಸುಟ್ಟ ಎಣ್ಣೆಯ ವಾಸನೆ. ಬೆನ್ನ ಮೇಲೆ ಬೆಂಕಿ ಉರಿಯುತ್ತಿದೆ, ತನಗೆ ಕಾಣುತ್ತಿಲ್ಲ. ಮೈಯೆಲ್ಲ ಬಿಗಿಯಿತು.

"ಹುಚ್ಚಕ್ಕ, ಎಲ್ಲೈತಿ ಬೆಂಕಿ?"

"ನನ್ನ ಕಣ್ಣ ಮುಂದ ಐತಿ. ಅಂಜಬ್ಯಾಡ. ಈಗ ತಂಬಿಗಿ ಇಡ್ತೇನಿ ನೋಡು."

ಮೊದಲ ಸಲ ತಂಬಿಗೆ ಜಾರಿತು. ಮತ್ತೊಮ್ಮೆ ಬತ್ತಿ ಹೊತ್ತಿಸಿ ಇಟ್ಟಾಗ ಹಿಡಿಯಿತು. ಇಡೀ ಬೆನ್ನು ಕಿತ್ತು ಮೇಲೆ ಹೋದಂತೆ ಜಗ್ಗಿತು. ಪೀರಬಿ ಜೋರಾಗಿ ನರಳಿದಳು. ಹುಚ್ಚವ್ವ ಅವಳ ತಲೆ ಸವರುತ್ತ ಕೂತಳು. ನಿಧಾನಕ್ಕೆ ಬಿಗಿ ಬಿಟ್ಟು, ಸೊಂಟದಲ್ಲಿ ಬೆಚ್ಚನೆಯದೇನೋ ಹರಡಿತು.

ಮರುದಿನ ಪೀರಬಿ ಎದ್ದು ಓಡಾಡಿದಳು. ಆದರೆ ಮನಸ್ಸು ಹಗುರಾಗಲಿಲ್ಲ. ಎಷ್ಟೊಂದು ಬೆನ್ನುಗಳಿಗೆ ಏನೂ ಆಗುವುದಿಲ್ಲ ಎಂದಿದ್ದಳು. ಏನಾಗುತ್ತದೆಂದು ತನಗೇ ತಿಳಿದಿರಲಿಲ್ಲ.

ಆಮೇಲೆ ಬಂದವರಿಗೆ ಮೊದಲು ಬತ್ತಿ, ತಂಬಿಗೆ ತೋರಿಸತೊಡಗಿದಳು. "ಈಗ ಹಿಟ್ಟು ಇಡ್ತೇನ್ರಿ, ಈಗ ಹಚ್ಚತೇನ್ರಿ, ಈಗ ಜಗ್ಗತೈತ್ರಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ಕೆಲವರು ಹುಚ್ಚವ್ವನ ಹತ್ತಿರವೂ ಹೋಗತೊಡಗಿದಾಗ ಪೀರಬಿಗೆ ಮೊದಮೊದಲು ಚುಚ್ಚಿದಂತಾಯಿತು. ಬರಬರುತ್ತ ತಾನೇ ಕೆಲವರನ್ನು ಅಲ್ಲಿಗೆ ಕಳಿಸಿದಳು.

ಮೀರಾಸಾಬ ಊರಿಗೆ ಬಂದ ಸಂಜೆ ಅವನ ಹೆಗಲಿಗೆ ಬಿಲ್ಲೆ ಇಡುತ್ತ ಕೇಳಿದಳು: "ನಿಮಗ ಅಂಜಿಕಿ ಆಗತಿತ್ತೇನ್ರಿ?"

"ಮೊದಲ ಸಲ ಆಗಿತ್ತು. ನೀನೂ ಅಂಜಿದ್ದಿ. ಅದಕ್ಕ ನಿನಗ ಹೇಳಲಿಲ್ಲ."

ಪೀರಬಿ ಬಿಲ್ಲೆಗೆ ಬತ್ತಿ ಚುಚ್ಚಿದಳು. ಕಡ್ಡಿ ಗೀರುವ ಮುನ್ನ, "ಈಗ ಹಚ್ಚತೇನ್ರಿ" ಎಂದಳು.